ಭಟ್ರ ಒಂದು ಮುಷ್ಟಿ ಉಪ್ಪು ಎಷ್ಟು ಗ್ರಾಂ?

(ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ಕೆಲವು ಮನೆಯವರು ಉಡುಪಿಯಲ್ಲಿ ಒಂದು ಭಾನುವಾರ ಸೇರಿದ್ದಾಗ, ಅಡುಗೆಮನೆಯಲ್ಲಿ ವಿಜ್ಞಾನ ಕಲಿಯುವುದರ ಬಗ್ಗೆ ಆಡಿದ ಮಾತು. ಅವತ್ತು ಬರಲಾಗದವರು ಕೇಳಿದರು, ಹಾಗಾಗಿ ಬರೆದಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಕೆಲವು ಅಳತೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 16, ಸಣ್ಣವನಿಗೆ 13. ದೊಡ್ಡವನು ಏಳನೇ ಕ್ಲಾಸಿನವರೆಗೆ ಶಾಲೆಗೆ ಹೋದ, ಆಮೇಲೆ ನಾವೇ ಬಿಡಿಸಿದೆವು. ಯಾಕೆ ಬಿಡಿಸಿದೆವು ಅನ್ನುವುದು ಇವತ್ತಿನ ಮಾತಲ್ಲ. ಒಂದು ಸಂಗತಿ ಮಾತ್ರ ಹೇಳಬೇಕು. ಮನೆಗೆ ಬಂದ ಮೊದಲ ಆರು ತಿಂಗಳು ಅವನು ಪೆನ್ನು ಮುಟ್ಟಲಿಲ್ಲ. ಓದು ಅಂದರೆ ಓದುತ್ತಿದ್ದ, ಕೇಳಿದರೆ ಉತ್ತರ ಹೇಳುತ್ತಿದ್ದ, ಬರೆ ಅಂದ ಕೂಡಲೇ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಇಲ್ಲಿರುವ ಕೆಲವರಿಗೆ ಇದು ಗೊತ್ತಿರುವ ಕಥೆ, ಮುಖ ನೋಡಿದರೆ ತಿಳಿಯುತ್ತದೆ.

ನಾನು ಕೆಮಿಸ್ಟ್ರಿ ಓದಿದವಳು. ಪ್ರಯೋಗ ಮಾಡಿಸಿದರೆ ಇವನಿಗೆ ಆಸೆ ಹುಟ್ಟಬಹುದು ಅಂತ ಎಲ್ಲರೂ ಮಾಡಿಸುವ ಆ ಜ್ವಾಲಾಮುಖಿ ಮಾಡಿಸಿದೆ. ಮಣ್ಣಿನ ಗುಡ್ಡ, ಒಳಗೆ ಅಡುಗೆ ಸೋಡಾ, ಮೇಲಿಂದ ಕೆಂಪು ಬಣ್ಣ ಹಾಕಿದ ವಿನೆಗರ್. ನೊರೆ ಉಕ್ಕಿತು. ಅವನು ನೋಡಿದ. "ಆಮೇಲೆ?" ಅಂದ. ಆಮೇಲೆ ಎಂತ ಇಲ್ಲ, ಚೆಲ್ಲಿ ತೊಳೆಯುವುದು. ನನಗೆ ಉತ್ತರ ಹೇಳಲು ಆಗಲಿಲ್ಲ. 12 ವರ್ಷ ದಾಟಿದ ಹುಡುಗನಿಗೆ ಸುಮ್ನೆ ತೋರಿಸುವ ಪ್ರಯೋಗ ಸಾಕಾಗುವುದಿಲ್ಲ ಅಂತ ಆ ಒಂದು ಮಾತಿನಿಂದ ಗೊತ್ತಾಯಿತು.

ಅದೇ ವಾರ ನಡೆದದ್ದು ಕೇಳಿ. ಆಟಿ ತಿಂಗಳು, ಜೋರು ಮಳೆ. ಮರುದಿನ ಬೆಳಿಗ್ಗೆ ನೆಂಟರು ಎಂಟು ಜನ ಬರುವವರಿದ್ದರು. ನನ್ನ ಅತ್ತೆ ಉದ್ದಿನ ಹಿಟ್ಟು ಕಡೆದಿಟ್ಟು, "ಆಟಿಯಲ್ಲಿ ಹಿಟ್ಟು ಏಳುದೇ ಇಲ್ಲ ಮಾರಾಯ, ನಾಳೆ ಇಡ್ಲಿ ಕಲ್ಲಾಗ್ತದೆ" ಅಂತ ಚಿಂತೆ ಮಾಡುತ್ತಿದ್ದರು. ಇವನು ಕೇಳಿದ, "ಅಜ್ಜಿ, ಏಳ್ಬೇಕಾದ್ರೆ ಎಷ್ಟು ಬಿಸಿ ಬೇಕು?" ಅತ್ತೆಗೆ ಗೊತ್ತಿರಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಉತ್ತರ ಹುಡುಕಲು ಫೋನ್ ತೆಗೆಯಲಿಲ್ಲ. ಅದೊಂದು ಒಳ್ಳೆಯ ಕೆಲಸ ನಾನು ಮಾಡಿದ್ದು.

ಅವನು ಮೂರು ಗಾಜಿನ ಬಾಟಲಿ ತಂದ. ನೇರ ಗೋಡೆಯವು, ಉಪ್ಪಿನಕಾಯಿ ಖಾಲಿಯಾದದ್ದು. ಒಂದೊಂದಕ್ಕೂ 200 ಗ್ರಾಂ ಹಿಟ್ಟು. ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್. ಒಂದು ಬಾಟಲಿ ಬಚ್ಚಲಿನ ಹಂಡೆಯ ಪಕ್ಕ, ಒಂದು ಅಡುಗೆಮನೆಯ ಕಟ್ಟೆ ಮೇಲೆ, ಒಂದು ಫ್ರಿಡ್ಜಿನಲ್ಲಿ. ರಾತ್ರಿ ಎಂಟಕ್ಕೆ ಇಟ್ಟ. ಹಂಡೆಯ ಪಕ್ಕ 33 ಡಿಗ್ರಿ ಇತ್ತು, ಕಟ್ಟೆ ಮೇಲೆ 26. ಬೆಳಿಗ್ಗೆ ಆರಕ್ಕೆ ಹಂಡೆಯ ಪಕ್ಕದ್ದು ಎರಡರಷ್ಟಾಗಿತ್ತು. ಕಟ್ಟೆ ಮೇಲಿನದ್ದು ರಬ್ಬರ್ ಬ್ಯಾಂಡಿನಿಂದ ಒಂದು ಬೆರಳು ಮೇಲೆ ಬಂದಿತ್ತು. ಫ್ರಿಡ್ಜಿನದ್ದು ಇದ್ದಲ್ಲೇ ಇತ್ತು. ಆದರೆ ಅಷ್ಟು ಹೊತ್ತಿಗೆ ದೊಡ್ಡ ಪಾತ್ರೆಯ ಹಿಟ್ಟನ್ನೂ ಅವನೇ ಹಂಡೆಯ ಹತ್ತಿರ ಸಾಗಿಸಿ ಆಗಿತ್ತು, ರಾತ್ರಿ ಹನ್ನೊಂದಕ್ಕೇ ಬಾಟಲಿ ನೋಡಿ ಅವನಿಗೆ ಅಂದಾಜು ಸಿಕ್ಕಿತ್ತು. ಎಂಟು ಜನ ನೆಂಟರಿಗೆ ಮೆತ್ತಗಿನ ಇಡ್ಲಿ ಸಿಕ್ಕಿತು. ನನಗೆ ಸಿಕ್ಕಿದ್ದು ಬೇರೆ. ಕ್ಯಾಲೆಂಡರಿನ ಹಳೆ ಹಾಳೆಯ ಹಿಂದೆ ಅವನು ಗಂಟೆ, ಡಿಗ್ರಿ, ಎಷ್ಟು ಏರಿದೆ ಅಂತ ಮೂರು ಸಾಲು ಗೀಚಿ ಬರೆದಿಟ್ಟಿದ್ದ. ಆರು ತಿಂಗಳ ಮೇಲೆ ಬರೆದ ಮೊದಲ ಅಕ್ಷರ. ಆ ಹಾಳೆ ಈಗಲೂ ನನ್ನ ಕಪಾಟಿನಲ್ಲಿದೆ.

ಬರೆ ಅಂತ ಯಾರೂ ಹೇಳಿರಲಿಲ್ಲ. ಬರೆಯದಿದ್ದರೆ ಬೆಳಿಗ್ಗೆ ನೆನಪಿರುವುದಿಲ್ಲ, ನೆನಪಿಲ್ಲದಿದ್ದರೆ ಇಡ್ಲಿ ಕೆಡುತ್ತದೆ, ಕೆಟ್ಟರೆ ಎಂಟು ಜನರ ಮುಂದೆ ಅಜ್ಜಿಗೆ ಬೇಜಾರು. ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇಷ್ಟೇ: ಆ ಕಡೆ ತಟ್ಟೆ ಹಿಡಿದು ಕಾಯುವವರು ಇರಬೇಕು. ಆಗ ಹುಡುಗ ತಾನಾಗಿಯೇ ಅಳೆಯುತ್ತಾನೆ. ಮಿಕ್ಕಿದ್ದೆಲ್ಲ ನಾವು ಮಾಡಿದ್ದರ ವಿವರ.

ಹಿಟ್ಟಿನ ವಿಷಯ ಮುಗಿಸುತ್ತೇನೆ, ಯಾಕೆಂದರೆ ಅದು ಅಲ್ಲಿಗೆ ನಿಲ್ಲಲಿಲ್ಲ, ಎರಡು ತಿಂಗಳು ನಡೆಯಿತು. ಹಿಟ್ಟು ಏಳುವುದು ಯಾಕೆ? ಉದ್ದು, ಅಕ್ಕಿಯ ಜೊತೆಗೇ ಬರುವ ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆ ತಿಂದು ಹುಳಿ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್ ಅನ್ನುವ ಜಾತಿ, ಅದು ಹುಳಿಯ ಜೊತೆಗೆ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡಿದರೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಕಡೆದ ಕೂಡಲೇ 6ರ ಹತ್ತಿರ ಇದ್ದದ್ದು, ಎದ್ದ ಮೇಲೆ 4.5ರ ಹತ್ತಿರ ಇಳಿದಿರುತ್ತದೆ. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಸಣ್ಣವನು ಕೇಳಿದ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. "ಬ್ಯಾಕ್ಟೀರಿಯಾ ಅಕ್ಕಿಯಲ್ಲೂ ಇದ್ರೆ ಉದ್ದು ಯಾಕೆ ಹಾಕುದು?" ಅಂದ.

ಸರಿ, ಮಾಡಿ ನೋಡು ಅಂದೆ. ಬರೀ ಅಕ್ಕಿ ಕಡೆದು ಅದಕ್ಕೆ ಒಂದು ಚಮಚ ಹುಳಿಹಿಟ್ಟು ಸೇರಿಸಿ ಒಂದು ಬಾಟಲಿ, ಉದ್ದು ಸೇರಿಸಿದ್ದು ಇನ್ನೊಂದು ಬಾಟಲಿ. ಬೆಳಿಗ್ಗೆ ಎರಡೂ ಹುಳಿಯಾಗಿದ್ದವು. ಅಕ್ಕಿಯದ್ದರಲ್ಲಿ ಗುಳ್ಳೆ ಮೇಲೆ ಬಂದು ಒಡೆಯುತ್ತಿತ್ತು, ಹಿಟ್ಟು ಮಾತ್ರ ಕೆಳಗೆ ಕೂತಿತ್ತು. ಉದ್ದಿನದ್ದು ಉಬ್ಬಿ ನಿಂತಿತ್ತು. ಅವನು ಬಾಟಲಿ ಬೆಳಕಿಗೆ ಹಿಡಿದು, "ಇದ್ರಲ್ಲಿ ಗಾಳಿ ಉಂಟು ಅಮ್ಮ, ಹಿಡ್ಕೊಳ್ಳುವವರಿಲ್ಲ" ಅಂದ. ಉದ್ದಿನ ಲೋಳೆಯ ಕೆಲಸ ಅದೇ. ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಯಾಗಿ ಹಿಡಿದಿಡುವುದು. ಇದನ್ನು ನಾನು ಮೊದಲೇ ವಿವರಿಸಿದ್ದರೆ ಅವನು ಹ್ಞೂಂ ಅನ್ನುತ್ತಿದ್ದ, ಅಷ್ಟೇ.

ಆಮೇಲೆ ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್‌ಗೆ ಸಾನ್ನ, ಅಂದರೆ ಇಡ್ಲಿಯ ಹಾಗಿನ ತಿಂಡಿ, ಮಾಡುವಾಗ ಇಬ್ಬರೂ ಹೋಗಿ ಕೂತರು. ಅವರು ಶೇಂದಿ ಹಾಕಿ ಹಿಟ್ಟು ಹುಳಿ ಮಾಡುತ್ತಾರೆ. ಅಲ್ಲಿ ಉಬ್ಬಿಸುವ ಮುಖ್ಯ ಕೆಲಸ ಶೇಂದಿಯ ಯೀಸ್ಟ್‌ನದ್ದು. ನಮ್ಮ ಇಡ್ಲಿ ರಾತ್ರಿ ಪೂರ್ತಿ ತೆಗೆದುಕೊಂಡರೆ ಅವರ ಹಿಟ್ಟು ಮಧ್ಯಾಹ್ನದೊಳಗೆ ಪಾತ್ರೆ ತುಂಬಿತ್ತು. ನೀರುದೋಸೆಗೆ ಈ ಯಾವ ಗಲಾಟೆಯೂ ಇಲ್ಲ, ತೆಳ್ಳಗಿನ ಹಿಟ್ಟಿನ ನೀರು ಕಾವಲಿ ಮೇಲೆ ಆವಿಯಾಗಿ ಹಾರುವಾಗಲೇ ತೂತು ಬೀಳುತ್ತದೆ. ಒಂದೇ ಅಕ್ಕಿ, ಮೂರು ದಾರಿ. ನಮ್ಮ ಊರಿನಲ್ಲಿ ಇಷ್ಟೆಲ್ಲ ನಾಲ್ಕು ಮನೆ ಒಳಗೇ ಸಿಗುತ್ತದೆ, ಅದು ನಮ್ಮ ಭಾಗ್ಯ.

ಇನ್ನು ಉಪ್ಪು. ಇದು ನನಗೆ ಜಾಸ್ತಿ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ.

ಕಳೆದ ವರ್ಷ ಮನೆಯಲ್ಲಿ ಪೂಜೆ ಇತ್ತು, 60 ಜನರಿಗೆ ಊಟ. ಅಡುಗೆ ಭಟ್ರ ಜೊತೆ ದೊಡ್ಡವನನ್ನು ಕೈಯಾಳಾಗಿ ಬಿಟ್ಟೆ. ಭಟ್ರು ಹುಳಿಗೆ ಉಪ್ಪು ಹಾಕುವುದು ಮುಷ್ಟಿಯಲ್ಲಿ. ಇವನು ತಕ್ಕಡಿ ಹಿಡಿದುಕೊಂಡು ಹೋಗಿ, "ಭಟ್ರೇ, ಒಂದು ಮುಷ್ಟಿ ಇದರ ಮೇಲೆ ಹಾಕ್ತೀರಾ?" ಅಂತ ಕೇಳಿದ. ಭಟ್ರು ಬೇಜಾರು ಮಾಡಲಿಲ್ಲ. ಐದು ಸಲ ಹಾಕಿಸಿದ. 58, 61, 59, 60, 58 ಗ್ರಾಂ. ಆಮೇಲೆ ತನ್ನ ಮುಷ್ಟಿ ಐದು ಸಲ ತೂಗಿದ. 31, 44, 38, 52, 40. ಎರಡನ್ನೂ ಬರೆದು ಪಕ್ಕ ಪಕ್ಕ ಇಟ್ಟು ತುಂಬಾ ಹೊತ್ತು ನೋಡಿದ. ಭಟ್ರು ಅವನ ಕೈ ಹಿಡಿದು, ಬೆರಳು ಎಷ್ಟು ಮಡಚಬೇಕು, ಹೆಬ್ಬೆರಳು ಎಲ್ಲಿ ಬರಬೇಕು ಅಂತ ತೋರಿಸಿದರು. "ಮುಷ್ಟಿ ಒಂದೇ ಸಾಲದು ಮಾಣಿ, ಕೈಗೆ ತೂಕ ಗೊತ್ತಾಗಬೇಕು" ಅಂದರು. 12 ಲೀಟರ್ ಹುಳಿಗೆ ಎರಡು ಮುಷ್ಟಿ, ಅಂದರೆ 120 ಗ್ರಾಂ, ಸುಮಾರು ಒಂದು ಪರ್ಸೆಂಟ್. ಆ ದಿನದಿಂದ ನಮ್ಮ ಮನೆಯ ಸಾರಿಗೆ ಉಪ್ಪು ಹಾಕುವುದು ಅವನೇ, ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ. ಒಂದು ಅಳತೆಯನ್ನು ಮತ್ತೆ ಮತ್ತೆ ಮಾಡಿದಾಗ ಉತ್ತರಗಳು ಎಷ್ಟು ಹತ್ತಿರ ಹತ್ತಿರ ಬರುತ್ತವೆ ಅನ್ನುವುದು ಕಾಲೇಜು ಲ್ಯಾಬಿನಲ್ಲಿ ಹೇಳಿಕೊಡುವ ಪಾಠ. ನಾನು ಅದನ್ನು ಕಲಿತದ್ದು ಬಿ.ಎಸ್ಸಿ.ಯಲ್ಲಿ. ಅವನು ಕಲಿತದ್ದು ಒಲೆಯ ಬುಡದಲ್ಲಿ, 15ನೇ ವರ್ಷಕ್ಕೆ.

ಉಪ್ಪಿನ ಹುಚ್ಚು ಹಿಡಿದ ಮೇಲೆ ಕಡಲಿಗೆ ಹೋಗದೆ ಇರುತ್ತಾರಾ. ಜನವರಿಯಲ್ಲಿ ಮಲ್ಪೆಯಲ್ಲಿ, ಬಂದರಿನಿಂದ ದೂರ ಹೋಗಿ ಒಂದು ಲೀಟರ್ ನೀರು ತುಂಬಿಸಿ ತಂದರು. ಬಟ್ಟೆಯಲ್ಲಿ ಸೋಸಿ, ಕುದಿಸಿ ಇಂಗಿಸಿದರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಇವರಿಗೆ 33 ಸಿಕ್ಕಿತು. ಆಗಸ್ಟಿನಲ್ಲಿ ಸ್ವರ್ಣೆ ಹೊಳೆ ಕಡಲು ಸೇರುವ ಕೋಡಿ ಬೆಂಗ್ರೆಯ ಕಡೆಯಿಂದ ತಂದ ನೀರಿನಲ್ಲಿ 9 ಗ್ರಾಂ ಮಾತ್ರ. ಮಳೆಗಾಲದಲ್ಲಿ ಹೊಳೆ ಎಷ್ಟು ಸಿಹಿನೀರು ತಂದು ಸುರಿಯುತ್ತದೆ ಅನ್ನುವುದು ಬಾಣಲೆಯ ತಳದಲ್ಲಿ ಕಾಣುತ್ತದೆ. ಇಂಗಿಸುವಾಗ ಒಂದು ಗಮನಿಸಿ. ಮೊದಲು ಬಿಳಿ ಪೊರೆಯ ಹಾಗೆ ಕೂರುವುದು ಕ್ಯಾಲ್ಸಿಯಂ ಲವಣಗಳು. ಆಮೇಲೆ ಉಪ್ಪಿನ ಹರಳು. ಕಡೆಗೆ ಉಳಿಯುವ ಸ್ವಲ್ಪ ನೀರಿನಲ್ಲಿ ಮೆಗ್ನೀಸಿಯಂ ಇರುತ್ತದೆ, ಅದು ಕಹಿ. ಆ ನೀರು ಬಸಿದು ಚೆಲ್ಲಿದರೆ ಉಪ್ಪು ಕಹಿಯಾಗುವುದಿಲ್ಲ. ಆದರೂ ಹೀಗೆ ಮಾಡಿದ ಉಪ್ಪನ್ನು ತಿನ್ನಲು ಕೊಡಬೇಡಿ, ನೀರಿನಲ್ಲಿ ಇನ್ನೇನೇನು ಸೇರಿದೆಯೋ. ತೂಗಿ ಬಾಟಲಿಯಲ್ಲಿಟ್ಟುಕೊಳ್ಳಿ. 1930ರಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಕಥೆಯನ್ನು ನಾನು ಹೇಳಿದ್ದು ಆ ಬಾಣಲೆ ಮುಂದೆ ಕೂತೇ. ಒಂದು ಲೀಟರ್ ಕುದಿಸಲು ಎಷ್ಟು ಹೊತ್ತು, ಎಷ್ಟು ಗ್ಯಾಸ್ ಬೇಕಾಯಿತು ಅಂತ ನೋಡಿದ ಮಕ್ಕಳಿಗೆ ಉಪ್ಪಿಗೆ ತೆರಿಗೆ ಅಂದರೆ ಏನು ಅಂತ ಬೇರೆ ಹೇಳಬೇಕಾಗಲಿಲ್ಲ.

ತಿನ್ನುವ ಉಪ್ಪಿನ ಕೆಲಸ ಹಲಸಿನ ಕಾಲಕ್ಕೆ ಬಂತು. ಉಪ್ಪುಸೊಳೆ ನಿಮ್ಮ ಮನೆಯಲ್ಲೂ ಹಾಕುತ್ತೀರಿ ಅಲ್ವಾ, ತುಳುವಿನ ಉಪ್ಪಡ್ ಪಚ್ಚಿಲ್. ಬೆಳೆದ ಹಲಸಿನಕಾಯಿಯ ಸೊಳೆ ಬಿಡಿಸಿ ಉಪ್ಪಿನಲ್ಲಿ ಭರಣಿಗೆ ಹಾಕಿಟ್ಟರೆ ಮಳೆಗಾಲಕ್ಕೆ ಪಲ್ಯ, ರೊಟ್ಟಿ. ಅತ್ತೆ ಭರಣಿ ತುಂಬಿಸುವಾಗ ಇವರು ಸೊಳೆ ಕೇಳಿ ತಂದು ಮೂರು ಬಾಟಲಿ ಮಾಡಿದರು. ಒಂದೊಂದರಲ್ಲಿ ಅರ್ಧ ಕಿಲೋ ಸೊಳೆ. ಒಂದಕ್ಕೆ ಉಪ್ಪಿಲ್ಲ. ಒಂದಕ್ಕೆ 10 ಗ್ರಾಂ. ಒಂದಕ್ಕೆ ಅತ್ತೆಯ ಲೆಕ್ಕದಲ್ಲಿ 100 ಗ್ರಾಂ. ನೀರು ಯಾವುದಕ್ಕೂ ಹಾಕಿಲ್ಲ. ಮರುದಿನ 100 ಗ್ರಾಂ ಉಪ್ಪಿನ ಬಾಟಲಿಯಲ್ಲಿ ಸೊಳೆ ಬಾಡಿ ಸಣ್ಣದಾಗಿ, ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. "ಹಾಕದ ನೀರು ಎಲ್ಲಿಂದ ಬಂತು?" ಅಂತ ಕೇಳಿದರು. ಸೊಳೆಯ ಒಳಗಿನ ನೀರನ್ನು ಹೊರಗಿನ ಉಪ್ಪು ಎಳೆದುಕೊಂಡಿದೆ. ಅದೇ ಉಪ್ಪು ಕೊಳೆಸುವ ಬ್ಯಾಕ್ಟೀರಿಯಾದ ಒಳಗಿನ ನೀರನ್ನೂ ಎಳೆಯುತ್ತದೆ, ಅದು ಬೆಳೆಯಲಾರದು. ಮೂರನೇ ದಿನ ಉಪ್ಪಿಲ್ಲದ್ದು ಬೂಸ್ಟು ಹಿಡಿದು ವಾಸನೆ ಬಂತು, ಹೊರಗೆ ಹಾಕಿದೆವು. 10 ಗ್ರಾಮಿನದ್ದು ಇವರಿಗೆ ಆಶ್ಚರ್ಯ ಕೊಟ್ಟಿತು. ಅದು ಕೊಳೆಯಲಿಲ್ಲ, ಗುಳ್ಳೆ ಬಂದು ಹುಳಿಯಾಯಿತು. ಎರಡು ಪರ್ಸೆಂಟ್ ಉಪ್ಪಿನಲ್ಲಿ ಕೊಳೆಸುವ ಜಾತಿಗಳಿಗೆ ಕಷ್ಟ, ಹುಳಿ ಮಾಡುವ ಜಾತಿಗಳಿಗೆ ಅನುಕೂಲ. ಇಡ್ಲಿ ಹಿಟ್ಟಿನಲ್ಲಿದ್ದ ಅದೇ ನೆಂಟರು ಅಂತ ದೊಡ್ಡವನೇ ಹೇಳಿದ. ನಾನು ಹೇಳಿಕೊಡಲಿಲ್ಲ.

ಭರಣಿಯ ಸೊಳೆಯನ್ನು ಪಲ್ಯಕ್ಕೆ ತೆಗೆಯುವಾಗ ಉಪ್ಪು ಬಿಡಿಸಬೇಕು. ಅತ್ತೆ "ಮೂರು ನೀರು" ಅನ್ನುತ್ತಾರೆ, ಅಂದರೆ ಮೂರು ಸಲ ನೀರು ಬದಲಿಸುವುದು. ಮೂರೇ ಯಾಕೆ? ಒಂದೊಂದು ನೀರಿನಿಂದಲೂ 100 ಮಿಲಿ ತೆಗೆದು ಇಂಗಿಸಿ ತೂಗಿದರು. ಮೊದಲ ನೀರಿನಲ್ಲಿ 5 ಗ್ರಾಂ, ಎರಡನೆಯದರಲ್ಲಿ 2, ಮೂರನೆಯದರಲ್ಲಿ ಒಂದಕ್ಕಿಂತ ಕಡಿಮೆ. ನಾಲ್ಕನೇ ನೀರು ಹಾಕಿದರೆ ಹೋಗುವುದಕ್ಕೆ ಉಪ್ಪು ಹೆಚ್ಚೇನೂ ಉಳಿದಿಲ್ಲ. ಅಜ್ಜಿಯ ಮೂರು ನೀರಿಗೆ ಲೆಕ್ಕ ಇತ್ತು. ಅತ್ತೆ ಆ ದಿನ ಎಷ್ಟು ಖುಷಿಪಟ್ಟರು ಅಂದರೆ, ಆಮೇಲೆ ತಾವೇ ಅವನನ್ನು ಕರೆದು "ಇದನ್ನೊಂದು ತೂಗಿ ನೋಡು" ಅನ್ನುವುದಕ್ಕೆ ಶುರು ಮಾಡಿದರು.

ತಿನ್ನಲಾಗದ ಪ್ರಯೋಗ ಮಾಡಲೇ ಬಾರದಾ ಅಂತ ಒಬ್ಬರು ಆಗಲೇ ಕೇಳಿದರು. ಮಾಡಬಹುದು, ಕಾಯುವವರು ಮಾತ್ರ ಬೇಕು. ಸಣ್ಣವನದ್ದು ಒಂದು ಹೇಳುತ್ತೇನೆ. ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ನನ್ನ ಅಣ್ಣನ ಮಕ್ಕಳು ಬರುವವರಿದ್ದರು, ಅವರನ್ನು ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗುವ ಕೆಲಸ ಇವನದ್ದು, ಅಲ್ಲಿನ ಕಲ್ಲು ಯಾಕೆ ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗಿದೆ ಅಂತ ಹೇಳಬೇಕಾದವನೂ ಇವನೇ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುವಾಗ ಕುಗ್ಗಿ ಬಿರುಕು ಬಿಟ್ಟು ಕಂಬವಾಯಿತು. ಹೇಳುವುದು ಸುಲಭ, ನಂಬಿಸುವುದು ಹೇಗೆ?

ಜೋಳದ ಪುಡಿಯಿಂದ. ಕಾರ್ನ್‌ಫ್ಲೋರ್, ಮಂಚೂರಿಯನ್‌ಗೆ ಹಾಕುವುದು. 100 ಗ್ರಾಂ ಪುಡಿ, 100 ಗ್ರಾಂ ನೀರು, ಕಲಸಿ ಅಗಲ ಬಾಯಿಯ ಗಾಜಿನ ಲೋಟಕ್ಕೆ ಹಾಕಿ. ಒಂದಡಿ ಮೇಲೆ ಹಳೆ ಕಾಲದ ತಂತಿ ಬಲ್ಬು ಉರಿಸಿಡಿ, ಎಲ್‌ಇಡಿ ಆಗುವುದಿಲ್ಲ, ಬಿಸಿ ಬೇಕು. ಕೈ ಹಾಕಬೇಡಿ, ಅಲ್ಲಾಡಿಸಬೇಡಿ. ಮೊದಲ ದಿನ ಮೇಲೆ ದೊಡ್ಡ ಬಿರುಕು ಬೀಳುತ್ತದೆ, ಒಣಗಿದ ಗದ್ದೆಯ ಹಾಗೆ. ಅದನ್ನು ನೋಡಿ ಮುಗಿಯಿತು ಅಂತ ತೆಗೆಯಬೇಡಿ, ಸಣ್ಣವನು ಮೊದಲ ಸಲ ಹಾಗೆ ತೆಗೆದು ಕೆಡಿಸಿಕೊಂಡ. ಐದಾರು ದಿನ ಬಿಟ್ಟು, ಪೂರ್ತಿ ಒಣಗಿದ ಮೇಲೆ ಗಟ್ಟಿಯನ್ನು ನಿಧಾನಕ್ಕೆ ಹೊರತೆಗೆದು ಮಗುಚಿ ಒಡೆದರೆ ಒಳಗೆ ಕಂಬಗಳು. ಕೆಲವೇ ಮಿಲಿಮೀಟರ್ ದಪ್ಪ, ಐದು ಆರು ಮೂಲೆ, ಒತ್ತೊತ್ತಾಗಿ ನಿಂತಿರುತ್ತವೆ. ಒಣಗುವ ಗೆರೆ ಮೇಲಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ, ಬಿರುಕು ಅದರ ಜೊತೆಗೇ ಇಳಿಯುತ್ತದೆ. ಲಾವಾದಲ್ಲಿ ತಣಿಯುವ ಗೆರೆ, ಇಲ್ಲಿ ಒಣಗುವ ಗೆರೆ, ಕುಗ್ಗುವುದು ಎರಡಕ್ಕೂ ಒಂದೇ. ಗೆರ್ಹಾರ್ಡ್ ಮ್ಯೂಲರ್ ಎಂಬ ಜರ್ಮನ್ ವಿಜ್ಞಾನಿ 1998ರಲ್ಲಿ ಇದನ್ನೇ ಮಾಡಿ, ಲಾವಾ ಕಂಬಕ್ಕೆ ಪಿಷ್ಟದ ಕಂಬ ಒಳ್ಳೆಯ ಮಾದರಿ ಅಂತ ಬರೆದಿದ್ದಾರೆ. ಬಲ್ಬು ದೂರ ಇಟ್ಟು ನಿಧಾನಕ್ಕೆ ಒಣಗಿಸಿದರೆ ಕಂಬ ದಪ್ಪ ಆಗುತ್ತದೆ, ಅದನ್ನೂ ಮಾಡಿ ನೋಡಬಹುದು. ದ್ವೀಪದಲ್ಲಿ ಸಣ್ಣವನು ಡಬ್ಬಿಯಲ್ಲಿ ತಂದ ಜೋಳದ ಕಂಬವನ್ನು ಕಲ್ಲಿನ ಕಂಬದ ಪಕ್ಕ ಹಿಡಿದು ನಿಂತ. ಬೆಂಗಳೂರಿನ ಮಕ್ಕಳು ಬಗ್ಗಿ ನೋಡಿದರು. ಆರೇ ಮೂಲೆ ಇರಬೇಕು ಅಂತ ಅವನು ತಿಳಿದುಕೊಂಡಿದ್ದ, ಐದು ಮೂಲೆಯದ್ದೂ ಏಳು ಮೂಲೆಯದ್ದೂ ಸಿಕ್ಕಿ ಪುಸ್ತಕದಲ್ಲಿ ತಿದ್ದಿಕೊಂಡ. ಅಲ್ಲಿಂದ ಕಲ್ಲು ತರಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ದೋಣಿಯೂ ಇರುವುದಿಲ್ಲ.

ಇನ್ನು ಕೆಲವು ಬೇಗ ಬೇಗ ಹೇಳುತ್ತೇನೆ.

ಬನ್ಸ್. ಬಾಳೆಹಣ್ಣು, ಮೈದಾ, ಮೊಸರು ಒಂದೇ ಅಳತೆ, ಸೋಡಾ ಮಾತ್ರ ಇಲ್ಲ, ಕಾಲು, ಅರ್ಧ, ಒಂದು ಚಮಚ. ನಾಲ್ಕು ತಟ್ಟೆಗೆ ನಂಬರು ಹಾಕಿ, ಯಾವುದರಲ್ಲಿ ಎಷ್ಟು ಅಂತ ಹೇಳದೆ ಅಕ್ಕಪಕ್ಕದವರಿಗೆ ಕೊಟ್ಟು ಕೇಳುವುದು. ಒಂದು ಚಮಚದ್ದು ಕಪ್ಪಾಗಿ ಸಾಬೂನಿನ ರುಚಿ ಬಂತು ಅಂತ ಎಲ್ಲರೂ ಹೇಳಿದರು. ಮೊಸರಿನ ಹುಳಿ ಎಷ್ಟಿದೆಯೋ ಅಷ್ಟೇ ಸೋಡಾ ಖರ್ಚಾಗುತ್ತದೆ, ಉಳಿದದ್ದು ಬಾಯಿಗೆ ಬರುತ್ತದೆ. ನನ್ನ ಆ ಜ್ವಾಲಾಮುಖಿಯ ಸೋಡಾ ಇದೇ. ಇಲ್ಲಿ ಅದಕ್ಕೆ ಒಂದು "ಆಮೇಲೆ" ಇತ್ತು.

ಪತ್ರೊಡೆ, ಕೆಸುವಿನ ಎಲೆಯ ತಿಂಡಿ. ಕೆಸುವಿನ ದಂಟಿನ ರಸದ ಒಂದು ಹನಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಕಾಗದದ ಫೋಲ್ಡ್‌ಸ್ಕೋಪ್ ಸಾಕು. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಟ್ಟುಕಟ್ಟಾಗಿ ಕಾಣುತ್ತವೆ. ಗಂಟಲು ಕೆರೆಯುವುದು ಅವುಗಳಿಂದ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೆಲಸ ಮಾಡಿ.

ಕುದಿಯುವ ಬಿಸಿ. ಥರ್ಮಾಮೀಟರನ್ನು ಮೊದಲು ಮಂಜುಗಡ್ಡೆ ಕರಗುವ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದಾ ನೋಡಿ. ಮಲ್ಪೆಯಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಘಾಟಿ ಹತ್ತಿ ಆಗುಂಬೆಯಲ್ಲಿ ಕುದಿಸಿದರೆ 98ರ ಹತ್ತಿರ. 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಕುಕ್ಕರಿನಲ್ಲಿ ಇದರ ಉಲ್ಟಾ, ಒತ್ತಡ ಏರಿ ಸುಮಾರು 120 ಡಿಗ್ರಿ. ನಮ್ಮ ಕುಚ್ಚಲಕ್ಕಿ ಬೇಯುವ ಹೊತ್ತು ಯಾಕೆ ಅಷ್ಟು ಕಡಿಮೆಯಾಗುತ್ತದೆ ಅಂತ ಮಕ್ಕಳೇ ಹೇಳುತ್ತಾರೆ.

ಒಂದು ವಿಷಯ ಮಾತ್ರ ನಾನು ಮೊದಲೇ ಹೇಳಿಕೊಡುತ್ತೇನೆ, ಮಾಡಿ ಕಲಿ ಅನ್ನುವುದಿಲ್ಲ. ಬೆಂಕಿ. ನಮ್ಮ ಮನೆಯಲ್ಲಿ ಒಮ್ಮೆ ಗೋಳಿಬಜೆಗೆ ಇಟ್ಟ ಎಣ್ಣೆ ಹೊತ್ತಿಕೊಂಡಿತು. ನಾನು ಫೋನಿನಲ್ಲಿದ್ದೆ, ಅದು ನನ್ನ ತಪ್ಪು. ದೊಡ್ಡವನು ಒಲೆ ಆರಿಸಿ, ಬಾಣಲೆಗೆ ದೊಡ್ಡ ತಟ್ಟೆ ಮುಚ್ಚಿ, ಹಿಂದೆ ಸರಿದು ನಿಂತ. ನೀರಿನ ಚೆಂಬು ಹಿಡಿದು ಬಂದ ತಮ್ಮನನ್ನು ತಡೆದ. ಉರಿಯುವ ಎಣ್ಣೆಗೆ ನೀರು ಬಿದ್ದರೆ ನೀರು ತಳಕ್ಕೆ ಹೋಗಿ ಒಂದೇ ಸಲ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಇದನ್ನು ಒಲೆ ಹಚ್ಚುವ ಮೊದಲ ದಿನವೇ ಹೇಳಿ, ತಣ್ಣಗಿನ ಬಾಣಲೆ ಇಟ್ಟು ಹತ್ತು ಸಲ ಮುಚ್ಚಿಸಿ ಅಭ್ಯಾಸ ಮಾಡಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟುವಂತಿಲ್ಲ, ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ಕಿಟಕಿ ತೆರೆಯುವುದು. ನಮ್ಮ ಹುಡುಗರು ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು.

ಪರೀಕ್ಷೆಯ ಗತಿ ಏನು ಅಂತ ಒಬ್ಬ ತಂದೆ ಕೇಳಿದರು. ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್, ಅದರಲ್ಲಿ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ದೊಡ್ಡವನು ಅದಕ್ಕೇ ಓದುತ್ತಿದ್ದಾನೆ. ಪಾಠಪುಸ್ತಕ ಬೇಡ ಅಂತ ನಾನು ಹೇಳುತ್ತಿಲ್ಲ. ಉಪ್ಪುಸೊಳೆ ಹಾಕಿದವನು ಆಸ್ಮಾಸಿಸ್ ಪಾಠವನ್ನು, ಅಂದರೆ ಉಪ್ಪು ನೀರೆಳೆಯುವ ಆ ಪಾಠವನ್ನು, ಒಂದೇ ಸಂಜೆಯಲ್ಲಿ ಓದಿ ಮುಗಿಸಿದ, ಅದು ನಾನು ಕಣ್ಣಾರೆ ನೋಡಿದ್ದು. ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೂ ಕರೆದುಕೊಂಡು ಹೋಗಿ, ಆದರೆ ಮನೆಯಲ್ಲಿ ಏನಾದರೂ ಮಾಡಿ, ಒಂದು ಪ್ರಶ್ನೆ ಇಟ್ಟುಕೊಂಡು ಹೋಗಲಿ.

ಗಂಡುಹುಡುಗರು ಅಡುಗೆಮನೆಯಲ್ಲೇ ಇದ್ದರೆ ಹೇಗೆ ಅಂತ ಒಬ್ಬರು ಹಿರಿಯರು ಕೇಳಿದರು. ಉಡುಪಿಯಲ್ಲಿ ಕೂತು ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಮಠದ ಅಡುಗೆ, ಮದುವೆಯ ಅಡುಗೆ, ಊರೂರಿನಲ್ಲಿ ಹೋಟೆಲು ಹಾಕಿದವರು, ಎಲ್ಲ ಗಂಡಸರೇ. ಅದರ ಜೊತೆಗೆ ಇನ್ನೊಂದು ಮಾತೂ ಹೇಳಿದೆ. ಮನೆಯ ದಿನದಿನದ ಅಡುಗೆಯೂ ಅವರಿಗೆ ಬರಬೇಕು, ಪಾತ್ರೆ ತೊಳೆಯುವುದೂ ಸೇರಿ. ನಮ್ಮಲ್ಲಿ ಪಾತ್ರೆ ತೊಳೆಯದೆ ಪ್ರಯೋಗ ಮುಗಿಯಿತು ಅಂತ ಇಲ್ಲ.

ಕಡೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಅಪ್ಪನ ಜೊತೆ ಕೂತಿದ್ದ ಒಬ್ಬ ಹುಡುಗನದ್ದು, ಹನ್ನೆರಡೋ ಹದಿಮೂರೋ ವರ್ಷ ಇರಬೇಕು. "ಆಂಟಿ, ನಮ್ಮ ಮನೆಯಲ್ಲಿ ತಕ್ಕಡಿ ಇಲ್ಲ" ಅಂದ. ಬಟ್ಟೆ ಹಾಕುವ ಹ್ಯಾಂಗರ್ ಉಂಟಾ ಅಂತ ಕೇಳಿದೆ. ಉಂಟು ಅಂದ. ಅದನ್ನು ಒಂದು ಮೊಳೆಗೆ ತೂಗುಹಾಕು, ಎರಡು ಕಡೆಗೂ ಒಂದೇ ತೂಕದ ಎರಡು ಡಬ್ಬಿ ಮುಚ್ಚಳ ದಾರದಲ್ಲಿ ಕಟ್ಟು, ಓರೆ ಇದ್ದರೆ ಒಂದು ಕಡೆ ಸ್ವಲ್ಪ ಮಣ್ಣು ಅಂಟಿಸಿ ಸರಿಮಾಡು. ತೂಕದ ಕಲ್ಲಿಗೆ ಮೆಡಿಕಲ್ ಶಾಪಿನಿಂದ 10 ಮಿಲಿಯ ಸಿರಿಂಜು ತಾ, ಸೂಜಿ ಬೇಡ. ಒಂದು ಮಿಲಿ ನೀರು ಒಂದು ಗ್ರಾಂ. ಎಷ್ಟು ಗ್ರಾಂ ಬೇಕೋ ಅಷ್ಟು ಮಿಲಿ ನೀರು ಒಂದು ಮುಚ್ಚಳಕ್ಕೆ ಹಾಕಿದರೆ ಆಯಿತು. ಅವನು ಸ್ವಲ್ಪ ಯೋಚಿಸಿ, "ಹಾಗಾದ್ರೆ 60 ಗ್ರಾಂ ಉಪ್ಪಿಗೆ ಆರು ಸಲ ಸಿರಿಂಜು" ಅಂದ. ಹೌದು ಅಂದೆ. ಅಷ್ಟು ನೀರು ಮುಚ್ಚಳದಲ್ಲಿ ಹಿಡಿಸುತ್ತದಾ ಅಂತ ಕೇಳಿದ. ಹಿಡಿಸುವುದಿಲ್ಲ, ಲೋಟ ಕಟ್ಟಬೇಕು. ಅದು ನನಗೆ ಹೊಳೆದಿರಲಿಲ್ಲ.